ಒಂದು ಮಾಲ್ಟೀಸ್ ಅಡ್ಡಹೆಸರು: 'ಬುತ್ತಿಜೀಚ್' – ನಿಷ್ಪತ್ತಿ ಮತ್ತು ಪ್ರಸಾರ

1. ಪ್ರವೇಶ

ನಾಮವಿಜ್ಞಾನವು ಭಾಷಾವಿಜ್ಞಾನಕ್ಕೂ ಇತಿಹಾಸಕ್ಕೂ ನಡುವಣ ಗಡಿಯಲ್ಲಿ ಬೆಳೆದ ಶಾಸ್ತ್ರ. ಕನ್ನಡದಲ್ಲಿ ಈ ಶಾಸ್ತ್ರದ ಹಾದಿಯನ್ನು ಸ್ಥಳನಾಮಗಳು ತೆರೆದವು. ಊರಿನ ಹೆಸರು ನಾಡಿನ ಇತಿಹಾಸಕ್ಕೆ ಸಾಕ್ಷಿಯಾಗಬಲ್ಲುದೆಂಬುದನ್ನು ಶಂ. ಬಾ. ಜೋಶಿಯವರ 'ಎಡೆಗಳು ಹೇಳುವ ಕಂನಾಡ ಕಥೆ' ಎಂಬ ಶೀರ್ಷಿಕೆಯೇ ಸಾರುತ್ತದೆ. ಸ್ಥಳನಾಮಕ್ಕೂ ಅಡ್ಡಹೆಸರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಸ್ಥಳನಾಮ ಇದ್ದಲ್ಲಿಯೇ ಇರುತ್ತದೆ, ಜನ ಬದಲಾಗುತ್ತಾರೆ. ಅಡ್ಡಹೆಸರು ಜನರೊಡನೆ ನಡೆಯುತ್ತದೆ, ನೆಲ ಬದಲಾಗುತ್ತದೆ. ಆದುದರಿಂದ ಅಡ್ಡಹೆಸರಿನ ಅಧ್ಯಯನದಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಬೇಕಾಗುತ್ತದೆ: ಹೆಸರು ಯಾವ ನುಡಿಯಲ್ಲಿ, ಹೇಗೆ ಹುಟ್ಟಿತು? ಆ ನುಡಿಯ ನೆಲವನ್ನು ಬಿಟ್ಟ ಮೇಲೆ ಅದು ಏನಾಯಿತು?

ಈ ಎರಡು ಪ್ರಶ್ನೆಗಳಿಗೂ ಸ್ಪಷ್ಟವಾದ ಉತ್ತರವನ್ನು ಒದಗಿಸುವ ಒಂದು ಹೆಸರನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ. ಅದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಗಳಿಗೆ ಸೇರಿದ 'ಬುತ್ತಿಜೀಚ್'. ರೋಮನ್ ಲಿಪಿಯಲ್ಲಿ ಇದನ್ನು ಬಿ, ಯು, ಟಿ, ಟಿ, ಐ, ಜಿ, ಐ, ಇ, ಜಿ ಎಂಬ ಒಂಬತ್ತು ಅಕ್ಷರಗಳಿಂದ ಬರೆಯುತ್ತಾರೆ. ಈ ಬರಹವನ್ನು ಕಂಡವರು ಅದನ್ನು ಮಾಲ್ಟಾದವರಂತೆ ಓದುವುದು ಅಪರೂಪ. ಓದಿದ್ದನ್ನು ಕೇಳಿದವರು ಅದರ ಬರಹವನ್ನು ಊಹಿಸುವುದು ಇನ್ನೂ ಅಪರೂಪ. ಈ ಅಂತರವೇ ಹೆಸರಿನ ಚರಿತ್ರೆಯನ್ನು ಬಿಡಿಸುವ ಕೀಲಿಕೈ.

2. ನೆಲ ಮತ್ತು ನುಡಿ

ಸಿಸಿಲಿಯ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿರುವ ಮಾಲ್ಟಾ ದ್ವೀಪಸಮೂಹದ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರುಗಳು ಮಾತ್ರ. ಮಾಲ್ಟಾ ಮತ್ತು ಗೋಜೋ ಇದರ ಎರಡು ಮುಖ್ಯ ದ್ವೀಪಗಳು. ಕ್ರಿ. ಶ. 870ರಲ್ಲಿ ಇವು ಅರಬರ ವಶವಾದವು. 1091ರಲ್ಲಿ ನಾರ್ಮನ್ ದೊರೆ ರೋಜರ್ ಇಲ್ಲಿಗೆ ದಂಡೆತ್ತಿ ಬಂದನು. ಮುಂದೆ ದ್ವೀಪಗಳು ಸಿಸಿಲಿಯ ರಾಜ್ಯಕ್ಕೆ ಸೇರಿದವು. 1530ರಿಂದ 1798ರವರೆಗೆ ಸಂತ ಜಾನರ ಪಂಥದ ಯೋಧರು ಆಳಿದರು. ಎರಡು ವರ್ಷಗಳ ಫ್ರೆಂಚ್ ಆಳ್ವಿಕೆಯ ಬಳಿಕ 1800ರಲ್ಲಿ ಬ್ರಿಟಿಷರು ಬಂದರು. 1964ರಲ್ಲಿ ಮಾಲ್ಟಾ ಸ್ವತಂತ್ರವಾಯಿತು.

ಆಳಿದವರ ಭಾಷೆಗಳು ಹೀಗೆ ಒಂದಾದ ಮೇಲೊಂದರಂತೆ ಬದಲಾದರೂ ಮನೆ, ಹೊಲ, ಬಂದರುಗಳಲ್ಲಿ ಜನರು ಆಡುತ್ತ ಬಂದ ನುಡಿ ಒಂದೇ. ಅದು ಸಿಸಿಲಿಯಲ್ಲಿ ಬಳಕೆಯಲ್ಲಿದ್ದ ಅರಬ್ಬಿಯಿಂದ ಕವಲೊಡೆದ ಮಾಲ್ಟೀಸ್. ಇದರ ವ್ಯಾಕರಣದ ಬುನಾದಿ ಸೆಮಿಟಿಕ್; ಶಬ್ದಕೋಶದಲ್ಲಿ ಸಿಸಿಲಿಯನ್, ಇಟಾಲಿಯನ್, ಇಂಗ್ಲಿಷ್ ಪದಗಳು ಹೇರಳವಾಗಿವೆ; ಲಿಪಿ ರೋಮನ್. ಆದರೆ ಶತಮಾನಗಳ ಕಾಲ ಈ ನುಡಿಗೆ ಕಚೇರಿಯಲ್ಲಿ ಸ್ಥಾನವಿರಲಿಲ್ಲ. ಪತ್ರಗಳು ಲ್ಯಾಟಿನ್‌ನಲ್ಲಿಯೋ ಸಿಸಿಲಿಯನ್ ಅಥವಾ ಇಟಾಲಿಯನ್‌ನಲ್ಲಿಯೋ ಸಿದ್ಧವಾಗುತ್ತಿದ್ದವು. 1920ರಲ್ಲಿ ಸ್ಥಾಪಿತವಾದ ಮಾಲ್ಟೀಸ್ ಲೇಖಕರ ಸಂಘವು ವರ್ಣಮಾಲೆಯನ್ನೂ ಕಾಗುಣಿತವನ್ನೂ 1924ರಲ್ಲಿ ವ್ಯವಸ್ಥೆಗೊಳಿಸಿತು. 1934ರಲ್ಲಿ ಮಾಲ್ಟೀಸ್‌ಗೆ ಅಧಿಕೃತ ಮನ್ನಣೆ ದೊರೆಯಿತು. 2004ರಲ್ಲಿ ಅದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದಾಯಿತು. ಆ ಪಟ್ಟಿಯಲ್ಲಿರುವ ಏಕೈಕ ಸೆಮಿಟಿಕ್ ಭಾಷೆ ಇದು.

ಅಡ್ಡಹೆಸರುಗಳು ಈ ವರ್ಣಮಾಲೆಗಿಂತ ಹಲವು ಶತಮಾನಗಳಷ್ಟು ಹಳೆಯವು. ಮಾಲ್ಟೀಸ್ ನುಡಿಯ ಹೆಸರನ್ನು ಬೇರೆ ನುಡಿಯಲ್ಲಿ ಪತ್ರ ಬರೆಯುವ ಕರಣಿಕನು ತನಗೆ ತಿಳಿದ ಕಾಗುಣಿತದಲ್ಲಿ ಬರೆದಿಟ್ಟನು. ಆ ಬರಹವೇ ನೆಲೆನಿಂತಿತು. ಇಂದಿನ ಮಾಲ್ಟೀಸ್ ಬರಹದಲ್ಲಿ 'ಜ'ಕಾರವನ್ನು ಸೂಚಿಸಲು 'ಜಿ' ಅಕ್ಷರದ ಮೇಲೆ ಒಂದು ಚುಕ್ಕೆಯನ್ನಿಡುತ್ತಾರೆ. ಚುಕ್ಕೆಯಿಲ್ಲದ 'ಜಿ'ಗೆ 'ಗ'ಕಾರದ ಉಚ್ಚಾರ. 'ಬುತ್ತಿಜೀಚ್' ಹೆಸರಿನ ರೂಢಿಯ ಬರಹದಲ್ಲಿ ಎರಡೂ ಚುಕ್ಕೆಗಳಿಲ್ಲ. ಚುಕ್ಕೆಗಳಿಲ್ಲದಿರುವುದು ಹೆಸರಿನ ಪ್ರಾಚೀನತೆಯ ಗುರುತು.

3. ಹೆಸರಿನ ರಚನೆ

'ಬುತ್ತಿಜೀಚ್' ಒಂದು ಸಮಸ್ತಪದ. ಇದರ ಘಟಕಗಳು ಮೂರು: ಅರಬ್ಬಿಯ 'ಅಬೂ', ನಿಶ್ಚಯವಾಚಕ ಉಪಪದವಾದ 'ಅಲ್', ಹಾಗೂ ಕೋಳಿ ಎಂಬರ್ಥದ ಸಮೂಹವಾಚಿ 'ದಜಾಜ್'. ಈ ಕೊನೆಯ ಪದಕ್ಕೆ 'ದಿಜಾಜ್' ಎಂಬ ರೂಪಾಂತರವೂ ಅರಬ್ಬಿಯಲ್ಲಿದೆ. ಮೂರು ಘಟಕಗಳು ಕೂಡಿ ಒಂದಾಗುವಲ್ಲಿ ನಡೆದಿರುವ ಧ್ವನಿವ್ಯತ್ಯಾಸಗಳನ್ನು ಹೀಗೆ ಕ್ರಮಪಡಿಸಬಹುದು.

ಅ) ಆದಿಸ್ವರಲೋಪ: 'ಅಬೂ' ಎಂಬುದರ ಮೊದಲ ಅಕಾರ ಬಿದ್ದು 'ಬು' ಉಳಿಯುತ್ತದೆ. ಉತ್ತರ ಆಫ್ರಿಕದ ಅರಬ್ಬಿಯಲ್ಲಿ ಇದು ವ್ಯಾಪಕ. ಟ್ಯುನಿಸಿಯದ ಮೊದಲ ಅಧ್ಯಕ್ಷ ಹಬೀಬ್ ಬುರ್ಗಿಬಾ, ಅಲ್ಜೀರಿಯದ ಅಧ್ಯಕ್ಷರಾಗಿದ್ದ ಬುಮೆದಿಯನ್ ಇವರ ಹೆಸರುಗಳ ಆದಿಯಲ್ಲಿರುವ 'ಬು' ಇದೇ.

ಆ) ಸಮೀಕರಣ: ಅರಬ್ಬಿಯ ಉಪಪದದಲ್ಲಿರುವ ಲಕಾರವು ದಂತ್ಯವೇ ಮೊದಲಾದ ಕೆಲವು ವ್ಯಂಜನಗಳು ಪರವಾದಾಗ ಆ ವ್ಯಂಜನದ ರೂಪವನ್ನೇ ತಾಳುತ್ತದೆ. ಕನ್ನಡ ವಿದ್ಯಾರ್ಥಿಗೆ ಇದು ಅಪರಿಚಿತವೇನಲ್ಲ. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನನ ಹೆಸರಿನಲ್ಲಿ, ನಿಜಾಮುದ್ದೀನ್, ಶಂಸುದ್ದೀನ್ ಮುಂತಾದ ಹೆಸರುಗಳಲ್ಲಿ 'ದೀನ್' ಎಂಬುದರ ಹಿಂದೆ ಕೇಳಿಬರುವ ದ್ವಿತ್ವಕ್ಕೆ ಇದೇ ಕಾರಣ. ಅಲ್ಲಿರುವ ಮೊದಲ ದಕಾರವು ರೂಪಾಂತರ ಹೊಂದಿದ ಲಕಾರ. ಅದೇ ನಿಯಮದಂತೆ 'ಅಬೂ ಅಲ್ ದಜಾಜ್' ಎಂಬುದು 'ಬುದ್ದಜಾಜ್' ಆಗುತ್ತದೆ.

ಇ) ಘೋಷದ ಲೋಪ: ಅರಬ್ಬಿಯ 'ದಜಾಜ್' ಮಾಲ್ಟೀಸ್‌ನಲ್ಲಿ ತಕಾರಾದಿಯಾಗಿದೆ. ಒಂದು ಹೇಂಟೆಗೆ ಅಲ್ಲಿ 'ತಿಜೀಜಾ' ಎನ್ನುತ್ತಾರೆ. ಕೋಳಿಗಳು ಎಂಬ ಸಮೂಹಾರ್ಥದಲ್ಲಿ 'ತಿಜೀಚ್'. ಉಪಪದ ಸೇರಿದಾಗ 'ಇತ್ತಿಜೀಚ್'. ಹೆಸರಿನ ನಡುವೆ ಇರುವ ತಕಾರದ ದ್ವಿತ್ವ ಇಲ್ಲಿಂದ ಬಂದುದು. ಕರಣಿಕನ ಬರಹದ ಎರಡು 'ಟಿ'ಗಳಲ್ಲಿ ಒಂದು ಉಪಪದದ್ದು, ಇನ್ನೊಂದು ಕೋಳಿಯದು.

ಈ) ಸ್ವರದ ಬಾಗುವಿಕೆ: ದೀರ್ಘ ಆಕಾರವು ಇಕಾರ-ಎಕಾರಗಳತ್ತ ವಾಲುವುದನ್ನು ಅರಬ್ ವೈಯಾಕರಣರು 'ಇಮಾಲಾ' ಎಂದು ಕರೆದರು. ಮಾಲ್ಟೀಸ್‌ನ ಪ್ರಮುಖ ಲಕ್ಷಣಗಳಲ್ಲಿ ಇದೂ ಒಂದು. ಅದನ್ನು ಬರಹದಲ್ಲಿ 'ಐ' ಮತ್ತು 'ಇ' ಎಂಬ ಎರಡು ರೋಮನ್ ಅಕ್ಷರಗಳ ಜೋಡಿಯಿಂದ ಸೂಚಿಸುತ್ತಾರೆ; ಇಂದಿನ ಮಾಲ್ಟೀಸ್ ವರ್ಣಮಾಲೆಯಲ್ಲಿ ಈ ಜೋಡಿ ಒಂದೇ ಅಕ್ಷರವೆಂದು ಗಣಿತವಾಗಿದೆ. 'ಜಾಜ್' ಎಂಬುದು 'ಜೀಜ್' ಆದುದು ಹೀಗೆ.

ಉ) ಪದಾಂತ್ಯದ ಅಘೋಷತ್ವ: ಮಾಲ್ಟೀಸ್‌ನಲ್ಲಿ ಪದದ ಕೊನೆಗೆ ಬರುವ ಘೋಷ ವ್ಯಂಜನ ಅಘೋಷವಾಗಿ ಉಚ್ಚಾರಗೊಳ್ಳುತ್ತದೆ. ಆದುದರಿಂದ ಬರಹದಲ್ಲಿ ಕೊನೆಯ ಅಕ್ಷರ 'ಜಿ' ಆಗಿಯೇ ಉಳಿದರೂ ಮಾತಿನಲ್ಲಿ ಅದು ಚಕಾರ. ಒಂದೇ ಅಕ್ಷರವು ಒಂದೇ ಹೆಸರಿನಲ್ಲಿ ಮೊದಲು 'ಜ' ಎಂದೂ ಬಳಿಕ 'ಚ್' ಎಂದೂ ಧ್ವನಿಸುವುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಇಂಗ್ಲಿಷ್ ಪದಗಳ 'ಟಿ'ಯನ್ನು ಮೂರ್ಧನ್ಯ ಟಕಾರವಾಗಿ ಬರೆಯುವುದು ಕನ್ನಡದ ರೂಢಿ. ಆ ರೂಢಿಯಂತೆ ಈ ಹೆಸರಿನ ಆದಿಯಲ್ಲಿ ಕನ್ನಡಿಗನಿಗೆ 'ಬುಟ್ಟಿ' ಕಾಣಿಸುತ್ತದೆ. ಮಾಲ್ಟೀಸ್‌ನ ತಕಾರ ಮೂರ್ಧನ್ಯವಲ್ಲವಾದುದರಿಂದ ಅದನ್ನು ತಿದ್ದಿ ಬರೆದರೆ 'ಬುತ್ತಿ' ಕಾಣಿಸುತ್ತದೆ. ಕೋಳಿಯ ಬುಟ್ಟಿ, ಪಯಣದ ಬುತ್ತಿ ಎರಡೂ ಮನಸ್ಸಿಗೆ ಹಿತವಾದ ಊಹೆಗಳೇ. ಆದರೆ ಹೆಸರಿನ ಘಟಕಗಳು ಒಡೆಯುವುದು 'ಬುತ್ತಿ' ಎಂಬಲ್ಲಿ ಅಲ್ಲ, 'ಬು' ಎಂಬಲ್ಲಿ. ಧ್ವನಿಸಾಮ್ಯವನ್ನು ನಂಬಿ ನಿಷ್ಪತ್ತಿ ಹೇಳುವುದು ನಾಮವಿಜ್ಞಾನದಲ್ಲಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಕಿಲ್ಲ.

4. ಅರ್ಥವಿಚಾರ

'ಅಬೂ' ಎಂದರೆ ತಂದೆ. ಅರಬ್ಬಿ ಸಂಪ್ರದಾಯದಲ್ಲಿ ಮಗನ ಹೆಸರಿನ ಮುಂದೆ ಇದನ್ನು ಸೇರಿಸಿ ತಂದೆಯನ್ನು ಗೌರವದಿಂದ ಕರೆಯುವುದುಂಟು. ಇದರ ಜೊತೆಗೆ ಒಂದು ವಸ್ತುವನ್ನೋ ಲಕ್ಷಣವನ್ನೋ ಉಳ್ಳವನು ಎಂಬ ಅರ್ಥವೂ ಈ ಪದಕ್ಕೆ ಸಂದಿದೆ. ಮಾಲ್ಟೀಸ್‌ನಲ್ಲಿ ತಂದೆಯನ್ನು ಇಂದು 'ಮಿಸ್ಸಿಯರ್' ಎನ್ನುತ್ತಾರೆ. ಅದು ರೊಮಾನ್ಸ್ ಭಾಷೆಗಳಿಂದ ಬಂದ ಪದ. ಹಳೆಯ 'ಬು' ಕೇವಲ ಪೂರ್ವಪ್ರತ್ಯಯದಂತೆ ಕೆಲವು ಪದಗಳಲ್ಲಿ ಉಳಿದಿದೆ. ಚಿಪ್ಪಿಲ್ಲದ ಬಸವನಹುಳುವಿಗೆ ಮಾಲ್ಟೀಸ್‌ನಲ್ಲಿರುವ ಹೆಸರಿನ ಅಕ್ಷರಾರ್ಥ 'ಬೆತ್ತಲೆಯವನು'. ಅದರ ಆದಿಯಲ್ಲಿಯೂ 'ಬು' ಇದೆ. 'ಬುಹಜಾರ್' ಎಂಬ ಇನ್ನೊಂದು ಅಡ್ಡಹೆಸರಿನಲ್ಲಿ 'ಬು'ವಿನ ಮುಂದೆ ಇರುವುದು 'ಹಜರ್', ಎಂದರೆ ಕಲ್ಲು.

ಹೀಗಾಗಿ 'ಬುತ್ತಿಜೀಚ್' ಎಂದರೆ 'ಕೋಳಿಯವನು'. ಕೋಳಿಗಳನ್ನು ಸಾಕಿದವನು, ಕೋಳಿಗಳನ್ನು ಮಾರಿದವನು, ಯಾವುದೋ ಕಾರಣದಿಂದ ಕೋಳಿಯ ಹೆಸರು ಅಂಟಿಕೊಂಡವನು ಎಂಬ ಮೂರು ಅರ್ಥಗಳಿಗೂ ರಚನೆಯಲ್ಲಿ ಎಡೆಯಿದೆ. ಮಾರಿಯೋ ಕಾಸ್ಸಾರ್ ಅವರು 2003ರಲ್ಲಿ ಮಾಲ್ಟಾದ ಅಡ್ಡಹೆಸರುಗಳ ನಿಷ್ಪತ್ತಿಕೋಶವನ್ನು ಪ್ರಕಟಿಸಿದ ಮೇಲೆ ಇಂತಹ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡುವುದು ಸುಲಭವಾಗಿದೆ. 'ಫರ್ರೂಜಾ' ಎಂಬ ಬಹು ಪ್ರಚಲಿತ ಹೆಸರನ್ನು ಅರಬ್ಬಿಯ 'ಫರ್ರೂಜ್', ಎಂದರೆ ಎಳೆಯ ಕೋಳಿ, ಎಂಬ ಪದದೊಡನೆ ಸಂಬಂಧಿಸುತ್ತಾರೆ. ಕೃಷಿಯನ್ನೂ ಸಾಕುಪ್ರಾಣಿಗಳನ್ನೂ ನಂಬಿದ ಸಣ್ಣ ದ್ವೀಪದ ಸಮಾಜದಲ್ಲಿ ಇಂತಹ ಹೆಸರುಗಳು ಸಹಜ. ಉತ್ತರ ಕರ್ನಾಟಕದ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮೊದಲಾದ ಅಡ್ಡಹೆಸರುಗಳನ್ನು ಬಲ್ಲವರಿಗೆ ಹೆಸರಿಡುವ ಈ ಬಗೆ ವಿಚಿತ್ರವೆನಿಸುವುದಿಲ್ಲ. ಒಂದು ಕಾಲದ ಊರಿನ ಬದುಕಿನಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಕರೆಯಲು ಆಡಿದ ಮಾತು, ಅವನ ಮಕ್ಕಳು ಆ ಕಸುಬನ್ನು ಬಿಟ್ಟ ಮೇಲೆಯೂ ಮನೆತನಕ್ಕೆ ಉಳಿದುಬಿಡುತ್ತದೆ.

5. ಹೆಸರುಗಳ ಸಾಕ್ಷ್ಯ ಮತ್ತು ಒಂದು ವಿವಾದ

ಮಾಲ್ಟಾದಲ್ಲಿ ಅಡ್ಡಹೆಸರಿನ ನಿಷ್ಪತ್ತಿ ಕೇವಲ ಕುತೂಹಲದ ವಿಷಯವಾಗಿ ಉಳಿಯಲಿಲ್ಲ. ಸಂತ ಪೌಲನು ಹಡಗು ಒಡೆದು ಈ ದ್ವೀಪದ ದಡ ಸೇರಿದನೆಂದು ಬೈಬಲ್ ಹೇಳುತ್ತದೆ. ಆ ಘಟನೆಯ ಕಾಲ ಕ್ರಿ. ಶ. 60 ಎಂಬುದು ಸಾಂಪ್ರದಾಯಿಕ ಎಣಿಕೆ. ಅಂದಿನಿಂದ ತಮ್ಮ ಕ್ರೈಸ್ತಧರ್ಮ ಕಡಿಯದೆ ಉಳಿದುಬಂದಿದೆ ಎಂಬುದು ಮಾಲ್ಟಾದ ಜನ ತಮ್ಮ ಬಗ್ಗೆ ತಾವು ಹೇಳಿಕೊಂಡ ಕಥೆ. 1647ರಲ್ಲಿ ಪ್ರಕಟವಾದ ಜಿಯಾನ್ ಫ್ರಾಂಚೆಸ್ಕೋ ಆಬೇಲಾ ಅವರ ಮಾಲ್ಟಾ ವರ್ಣನೆಯ ಗ್ರಂಥ ಈ ಕಥೆಗೆ ವಿದ್ವತ್ತಿನ ಬೆಂಬಲ ನೀಡಿತು. 1750ರಲ್ಲಿ ಆಜಿಯಸ್ ದೆ ಸೊಲ್ದಾನಿಸ್ ಎಂಬ ವಿದ್ವಾಂಸರು ಮಾಲ್ಟೀಸ್ ನುಡಿಯನ್ನು ಪ್ಯುನಿಕ್ ಎಂದೇ ಪ್ರತಿಪಾದಿಸಿದರು. ಅರಬ್ಬಿಗಿಂತ ಹಳೆಯದಾದ ಕಾರ್ಥೇಜಿನ ನುಡಿಯೇ ತಮ್ಮದೆಂದು ಹೇಳಿದರೆ ಅರಬರ ಕಾಲವನ್ನು ಬದಿಗೆ ಸರಿಸಬಹುದಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆಯನ್ನು ಪ್ರಶ್ನಿಸಿದವರಲ್ಲಿ ಇತಿಹಾಸಕಾರ ಗಾಡ್‌ಫ್ರೀ ವೆಟ್ಟಿಂಜರ್ ಪ್ರಮುಖರು. ಅವರ ಆಕರಗಳು ಅರಮನೆಯ ಶಾಸನಗಳಲ್ಲ. ಕರಣಿಕರ ಕಡತಗಳು ಮತ್ತು ಹೆಸರುಪಟ್ಟಿಗಳು. ಕಾವಲಿಗೆ ನಿಲ್ಲಬೇಕಾದ ಗಂಡಸರ ಹೆಸರುಗಳನ್ನು ದಾಖಲಿಸಿದ 1419-20ರ ಪಟ್ಟಿಯನ್ನು ಅವರು 1969ರಲ್ಲಿ ಅಧ್ಯಯನಕ್ಕೆ ಒದಗಿಸಿದರು. ಇದಕ್ಕೆ ಮುನ್ನ, 1968ರಲ್ಲಿ, ಮಿಕೀಲ್ ಫ್ಸಾದ್ನಿ ಅವರೊಡನೆ ಸೇರಿ ಮಾಲ್ಟೀಸ್‌ನ ಅತ್ಯಂತ ಪ್ರಾಚೀನ ಪದ್ಯವನ್ನು ಬೆಳಕಿಗೆ ತಂದಿದ್ದರು. 1485ರಲ್ಲಿ ತೀರಿಕೊಂಡ ಪಿಯೆತ್ರು ಕಶಾರೋ ರಚಿಸಿದನೆನ್ನಲಾದ ಆ ಪದ್ಯವೂ ದೊರೆತದ್ದು ಕರಣಿಕನ ಕಡತದಲ್ಲಿಯೇ.

ಹದಿನೈದನೆಯ ಶತಮಾನದ ಪಟ್ಟಿಗಳಲ್ಲಿ ಕ್ರೈಸ್ತ ವ್ಯಕ್ತಿನಾಮಗಳ ಮುಂದೆ ಅರಬ್ಬಿ ಮೂಲದ ಅಡ್ಡಹೆಸರುಗಳು ದಟ್ಟವಾಗಿ ಕಾಣಿಸುತ್ತವೆ. ಇಂದಿಗೂ ಮಾಲ್ಟಾದ ಕ್ಯಾಥೊಲಿಕ್ ಮನೆತನಗಳಲ್ಲಿ 'ಅಬ್ದಿಲ್ಲಾ' ಎಂಬ ಹೆಸರಿದೆ. ಅದು 'ಅಬ್ದುಲ್ಲಾ', ಎಂದರೆ ದೇವರ ದಾಸ. ಕ್ರೈಸ್ತರ ತಪಸ್ಸುಕಾಲಕ್ಕೆ ಅಲ್ಲಿ ಹೇಳುವ 'ರನ್ದಾನ್' ಎಂಬ ಪದ 'ರಮದಾನ್' ಎಂಬುದರಿಂದ ಬಂದುದು. ದೇವರಿಗೆ ಅಲ್ಲಿಯ ಮಾತು 'ಅಲ್ಲಾ'. ಹದಿಮೂರನೆಯ ಶತಮಾನದ ಮಧ್ಯಭಾಗದವರೆಗೂ ದ್ವೀಪದಲ್ಲಿ ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿದ್ದರೆಂಬುದನ್ನು ದಾಖಲೆಗಳು ತೋರಿಸುತ್ತವೆ. ಈ ಎಲ್ಲ ಆಧಾರಗಳನ್ನು ಕೂಡಿಸಿ ವೆಟ್ಟಿಂಜರ್ ಅವರು, ಕಡಿಯದೆ ಬಂದ ಪರಂಪರೆಯ ಕಥೆಗೆ ಅರಬರ ಕಾಲದಲ್ಲಿ ದೊಡ್ಡ ಕಡಿತವಿದೆ ಎಂದು ವಾದಿಸಿದರು. ಧಾರ್ಮಿಕ ಅಭಿಮಾನಕ್ಕೂ ರಾಷ್ಟ್ರೀಯ ಅಭಿಮಾನಕ್ಕೂ ತಗುಲಿದ ಈ ವಾದ ಮಾಲ್ಟಾದಲ್ಲಿ ತೀವ್ರ ಚರ್ಚೆಯನ್ನು ಎಬ್ಬಿಸಿತು.

'ಬು' ಪೂರ್ವಪದವುಳ್ಳ ಹೆಸರುಗಳು ಈ ಅರಬ್ಬಿ ಪದರಕ್ಕೆ ಸೇರಿದವು. ಆದರೆ ಅವುಗಳ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಅಡ್ಡಹೆಸರು ಹೇಳುವುದು ಹೆಸರಿಟ್ಟವರ ಭಾಷೆಯನ್ನು. ಹೆಸರು ಹೊತ್ತವನ ಮತವನ್ನಾಗಲಿ ರಕ್ತವನ್ನಾಗಲಿ ಅಲ್ಲ. ಅರಬ್ಬಿಯನ್ನಾಡುವ ಕ್ರೈಸ್ತನಿಗೂ ಅರಬ್ಬಿಯಲ್ಲಿಯೇ ಹೆಸರು ಬೀಳುತ್ತದೆ. 'ಗ್ರೆಕ್' ಎಂಬ ಹೆಸರು 'ಗ್ರೀಕನು' ಎಂದು ಹೇಳಿದರೂ ಇಂದು ಆ ಹೆಸರಿನವರು ಆಡುವುದು ಮಾಲ್ಟೀಸ್. ಒಂದು ಮನೆತನದ ಹೆಸರಿನಿಂದ ಆ ಮನೆತನದ ಮೂಲವನ್ನು ತೀರ್ಮಾನಿಸುವುದು ಅವಸರ. ಸಾವಿರಾರು ಹೆಸರುಗಳ ಪಟ್ಟಿಯಿಂದ ಒಂದು ಸಮಾಜದ ನುಡಿಯ ಚರಿತ್ರೆಯನ್ನು ತೀರ್ಮಾನಿಸುವುದು ಶಾಸ್ತ್ರ.

6. ಪ್ರಸಾರ

ಮಾಲ್ಟಾದ ಅಡ್ಡಹೆಸರುಗಳ ಸಂಖ್ಯೆ ಬಹಳ ಕಡಿಮೆ. ಬೊರ್ಜ್, ಕಮಿಲ್ಲೇರಿ, ವೆಲ್ಲಾ, ಫರ್ರೂಜಾ, ಜಮ್ಮಿತ್ ಮುಂತಾದ ಸುಮಾರು ನೂರು ಹೆಸರುಗಳಲ್ಲಿ ಮಾಲ್ಟೀಸ್ ಜನಸಂಖ್ಯೆಯ ಮುಕ್ಕಾಲು ಪಾಲು ಅಡಗುತ್ತದೆ. ಸಣ್ಣ ದ್ವೀಪ, ಒಳಗೊಳಗೇ ನಡೆದ ಮದುವೆಗಳು, ಚರ್ಚಿನ ದಾಖಲೆ ಪುಸ್ತಕಗಳಲ್ಲಿ ಹೆಸರುಗಳು ಸ್ಥಿರವಾದುದು ಇದಕ್ಕೆ ಕಾರಣಗಳು. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಲವು ಮನೆತನಗಳಿರುವುದರಿಂದ 'ಲಆಮ್' ಎಂಬ ಎರಡನೆಯ ಕರೆಹೆಸರನ್ನು ಜನ ಬಳಸುತ್ತಾರೆ. ಅಡ್ಡಹೆಸರು ತನ್ನ ಮೊದಲ ಕೆಲಸವಾದ ಬೇರ್ಪಡಿಸುವಿಕೆಯನ್ನು ಮಾಡಲಾರದೆ ಹೋದಾಗ ಸಮಾಜ ಇನ್ನೊಂದನ್ನು ಹುಟ್ಟಿಸಿಕೊಳ್ಳುತ್ತದೆ.

ಬುತ್ತಿಜೀಚ್ ಮನೆತನಗಳು ಎರಡೂ ದ್ವೀಪಗಳಲ್ಲಿವೆ. 1976ರಿಂದ 1981ರವರೆಗೆ ಮಾಲ್ಟಾದ ಎರಡನೆಯ ರಾಷ್ಟ್ರಾಧ್ಯಕ್ಷರಾಗಿದ್ದ ಆಂಟನ್ ಬುತ್ತಿಜೀಚ್ (1912-1983) ಗೋಜೋ ದ್ವೀಪದ ಆಲಾ ಎಂಬ ಊರಿನವರು. ವೃತ್ತಿಯಿಂದ ವಕೀಲರಾಗಿದ್ದ ಇವರು ಮಾಲ್ಟೀಸ್‌ನ ಗಣ್ಯ ಕವಿ. ಜಪಾನಿನ ಹಾಯ್ಕು ರೂಪವನ್ನು ಆ ನುಡಿಯಲ್ಲಿ ಬೆಳೆಸಿದವರು. ಒಂದು ಕಾಲಕ್ಕೆ ಕಚೇರಿಯಲ್ಲಿ ಸ್ಥಾನವಿಲ್ಲದಿದ್ದ ನುಡಿಯ ಕವಿಯೊಬ್ಬ, ಆ ನುಡಿಯದೇ ಹೆಸರು ಹೊತ್ತು ರಾಷ್ಟ್ರದ ಪ್ರಥಮ ಪ್ರಜೆಯಾದುದು ಅರ್ಥಪೂರ್ಣವಾಗಿದೆ.

ದ್ವೀಪದ ಹೊರಗೆ ಹೆಸರು ಹರಡಿದ್ದು ವಲಸೆಯಿಂದ. ಮೊದಲ ದೊಡ್ಡ ಅಲೆ ಹತ್ತೊಂಬತ್ತನೆಯ ಶತಮಾನದ್ದು. ಮಾಲ್ಟಾದ ಬಡಜನ ಟ್ಯುನಿಸ್, ಟ್ರಿಪೊಲಿ, ಅಲೆಕ್ಸಾಂಡ್ರಿಯ ನಗರಗಳಿಗೂ 1830ರ ಫ್ರೆಂಚ್ ಆಕ್ರಮಣದ ತರುವಾಯ ಅಲ್ಜೀರಿಯಕ್ಕೂ ಹೋದರು. ಅಲ್ಲಿಯ ಅರಬ್ಬಿಯನ್ನು ಅವರು ಬಲುಬೇಗ ಹಿಡಿಯಬಲ್ಲವರಾಗಿದ್ದರು. ಆ ಊರುಗಳಲ್ಲಿ 'ಬುತ್ತಿಜೀಚ್' ಎಂಬ ಹೆಸರು ನೆರೆಹೊರೆಯವರಿಗೂ ಅರ್ಥವಾಗುವಂತಹದು. ಟ್ಯುನಿಸಿಯ 1956ರಲ್ಲಿ, ಅಲ್ಜೀರಿಯ 1962ರಲ್ಲಿ ಸ್ವತಂತ್ರವಾದಾಗ ಅಲ್ಲಿದ್ದ ಮಾಲ್ಟೀಸ್ ಸಂತತಿಯವರಲ್ಲಿ ಬಹುಮಂದಿ ಫ್ರಾನ್ಸ್ ಮೊದಲಾದ ದೇಶಗಳಿಗೆ ತೆರಳಿದರು.

ಎರಡನೆಯ ಅಲೆ ಇಂಗ್ಲಿಷ್ ಮಾತಿನ ದೇಶಗಳತ್ತ ಹರಿಯಿತು. ಅದರ ಆರಂಭ ಸುಗಮವಾಗಿರಲಿಲ್ಲ. 1916ರಲ್ಲಿ 'ಗಾಂಜ್' ಎಂಬ ಫ್ರೆಂಚ್ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಬಂದ 214 ಮಂದಿ ಮಾಲ್ಟೀಸರನ್ನು ದಡಕ್ಕೆ ಬಿಡದಿರಲು ಅಲ್ಲಿಯ ಅಧಿಕಾರಿಗಳು ಉಕ್ತಲೇಖನ ಪರೀಕ್ಷೆಯನ್ನು ಒಡ್ಡಿದರು. ಯಾವುದೇ ಯುರೋಪಿಯನ್ ಭಾಷೆಯಲ್ಲಿ ಪರೀಕ್ಷಿಸಲು 1901ರ ವಲಸೆ ನಿರ್ಬಂಧ ಕಾಯಿದೆ ಅವಕಾಶ ಕೊಟ್ಟಿತ್ತು. ಬ್ರಿಟಿಷ್ ಪ್ರಜೆಗಳೇ ಆಗಿದ್ದ ಇವರಿಗೆ ಕೊಟ್ಟದ್ದು ಡಚ್ ಭಾಷೆಯ ಪರೀಕ್ಷೆ. ಎಲ್ಲರೂ ಅನುತ್ತೀರ್ಣರಾದರು. ಅವರಿಗೆ ಆಸ್ಟ್ರೇಲಿಯದ ಪ್ರವೇಶ ದೊರೆತದ್ದು 1917ರಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಪರಿಸ್ಥಿತಿ ಬದಲಾಯಿತು. 1946ರಿಂದ 1970ರ ದಶಕದ ಕೊನೆಯವರೆಗೆ 1,40,000ಕ್ಕೂ ಹೆಚ್ಚು ಜನ ಸರಕಾರದ ನೆರವಿನಿಂದ ಮಾಲ್ಟಾವನ್ನು ಬಿಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಟ್ರೇಲಿಯವನ್ನೂ ಉಳಿದವರು ಬ್ರಿಟನ್, ಕೆನಡ, ಅಮೆರಿಕಗಳನ್ನೂ ಸೇರಿದರು. ಮೆಲ್ಬರ್ನ್ ನಗರದ ಪಶ್ಚಿಮದ ಬಡಾವಣೆಗಳು, ಸಿಡ್ನಿ, ಟೊರಾಂಟೊ, ಡೆಟ್ರಾಯಿಟ್ ಮಾಲ್ಟೀಸ್ ಅಡ್ಡಹೆಸರುಗಳ ಹೊಸ ನೆಲೆಗಳಾದವು.

7. ಬರಹ ಉಳಿಯಿತು, ಉಚ್ಚಾರ ಚದುರಿತು

ಮಾಲ್ಟಾದ ಹಾಮ್ರುನ್ ಊರಿನಲ್ಲಿ 1947ರಲ್ಲಿ ಹುಟ್ಟಿದ ಜೋಸೆಫ್ ಬುತ್ತಿಜೀಚ್ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು 2019ರಲ್ಲಿ ನಿಧನರಾದರು. ಇಟಲಿಯ ಚಿಂತಕ ಆಂಟೋನಿಯೊ ಗ್ರಾಮ್ಶಿಯ ಸೆರೆಮನೆಯ ಟಿಪ್ಪಣಿಗಳನ್ನು ಇಂಗ್ಲಿಷಿಗೆ ಸಂಪಾದಿಸಿ ಅನುವಾದಿಸಿದ ಅವರ ಸಂಪುಟಗಳು 1992ರಿಂದ ಹೊರಬಂದವು. ಭಾರತದಲ್ಲಿ 1982ರಿಂದ ಪ್ರಕಟವಾಗತೊಡಗಿದ ಸಬಾಲ್ಟರ್ನ್ ಅಧ್ಯಯನ ಸಂಪುಟಗಳಿಗೆ ಹೆಸರನ್ನು ಕೊಟ್ಟ ಪರಿಕಲ್ಪನೆ ಗ್ರಾಮ್ಶಿಯದೇ ಆದುದರಿಂದ, ಈ ವಿದ್ವಾಂಸರ ಹೆಸರು ಇಲ್ಲಿಯ ಅಭ್ಯಾಸಿಗಳಿಗೂ ಪುಸ್ತಕದ ಮುಖಪುಟದಲ್ಲಿ ಎದುರಾಗುತ್ತದೆ. ಅವರ ಮಗ ಪೀಟ್ ಬುತ್ತಿಜೀಚ್ ಸೌತ್ ಬೆಂಡ್ ನಗರದ ಮೇಯರ್ ಆಗಿ, 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿತ್ವಕ್ಕೆ ಸ್ಪರ್ಧಿಸಿ, 2021ರಿಂದ 2025ರವರೆಗೆ ಅಮೆರಿಕದ ಸಾರಿಗೆ ಕಾರ್ಯದರ್ಶಿಯಾಗಿ ಪ್ರಸಿದ್ಧರಾದರು. ಮತದಾರರಿಗೆ ಈ ಹೆಸರನ್ನು ಕಲಿಸುವುದು ಚುನಾವಣಾ ಪ್ರಚಾರದ ಒಂದು ಭಾಗವೇ ಆಯಿತು. 'ಬೂಟ್-ಎಜ್-ಎಜ್' ಎಂದು ಮೂರು ಇಂಗ್ಲಿಷ್ ಪದಗಳಾಗಿ ಒಡೆದು ಅದನ್ನು ಹೇಳಿಕೊಟ್ಟರು.

ಈ ಒಡೆಯುವಿಕೆಯನ್ನು ಮೇಲೆ ಹೇಳಿದ ರಚನೆಯೊಡನೆ ಹೋಲಿಸಬೇಕು. ಅಲ್ಲಿ ಘಟಕಗಳು 'ಬು' ಮತ್ತು 'ತ್ತಿಜೀಚ್'. ಇಲ್ಲಿ ಪಾದರಕ್ಷೆ ಮತ್ತು ಅಂಚುಗಳು. ತಕಾರದ ದ್ವಿತ್ವ ಹೋಯಿತು, ಇಮಾಲಾ ಹೋಯಿತು, ಪದಾಂತ್ಯದ ಚಕಾರ ಮರಳಿ ಜಕಾರವಾಯಿತು. ಉಳಿದದ್ದು ಒಂಬತ್ತು ಅಕ್ಷರಗಳ ಬರಹ ಮಾತ್ರ. ಮಾಲ್ಟಾದಲ್ಲಿ ಈ ಹೆಸರು ಪಾರದರ್ಶಕ; ಏಕೆಂದರೆ ಕೋಳಿಗೆ 'ತಿಜೀಜಾ' ಎನ್ನುವ ಮಾತು ಅಲ್ಲಿಯ ಅಡುಗೆಮನೆಯಲ್ಲಿ ಪ್ರತಿದಿನ ಕೇಳಿಸುತ್ತದೆ. ಆ ಮಾತು ನಿಂತುಹೋದ ಮನೆಯಲ್ಲಿ ಹೆಸರು ಕೇವಲ ಗುರುತಿನ ಚೀಟಿಯಾಗುತ್ತದೆ. ಮುಂಬಯಿ, ಪುಣೆಗಳ ಕಚೇರಿಗಳಲ್ಲಿ ರೋಮನ್ ಲಿಪಿಗೆ ಇಳಿದ ಉಳ್ಳಾಗಡ್ಡಿ, ಕಳಸಣ್ಣವರ ಮುಂತಾದ ಹೆಸರುಗಳು ತಮ್ಮ ಳಕಾರ-ಣಕಾರಗಳನ್ನು ಕಳೆದುಕೊಳ್ಳುವುದನ್ನು ಹೊರನಾಡಿನ ಕನ್ನಡ ವಿದ್ಯಾರ್ಥಿಗಳು ಇದರ ಪಕ್ಕದಲ್ಲಿಟ್ಟು ನೋಡಬಹುದು.

8. ಸಮಾರೋಪ

ಈವರೆಗಿನ ವಿವೇಚನೆಯಿಂದ ಹೊರಡುವ ಮುಖ್ಯಾಂಶಗಳು ಇವು. 'ಬುತ್ತಿಜೀಚ್' ಅರಬ್ಬಿ ಮೂಲದ 'ಕೋಳಿಯವನು' ಎಂಬರ್ಥದ ಸಮಸ್ತಪದ. ಇದರ ದ್ವಿತ್ವ, ಸ್ವರ ಮತ್ತು ಪದಾಂತ್ಯ ವ್ಯಂಜನಗಳಲ್ಲಿ ಮಾಲ್ಟೀಸ್ ನುಡಿಯ ಧ್ವನಿಚರಿತ್ರೆ ಅಡಗಿದೆ. ಇಂತಹ ಹೆಸರುಗಳ ಸಮೂಹವು ಒಂದು ಜನಾಂಗ ತನ್ನ ಬಗ್ಗೆ ಹೇಳಿಕೊಂಡ ಕಥೆಯನ್ನು ಪರೀಕ್ಷಿಸುವ ಸಾಕ್ಷ್ಯವಾಯಿತು. ವಲಸೆಯಲ್ಲಿ ಹೆಸರಿನ ಬರಹ ಗಟ್ಟಿಯಾಗಿ ಉಳಿದರೆ ಉಚ್ಚಾರವೂ ಅರ್ಥವೂ ಮೊದಲು ಸಡಿಲಗೊಳ್ಳುತ್ತವೆ.

ಮಾಲ್ಟಾದ ಹೆಸರುಪಟ್ಟಿ ಈಗ ಮತ್ತೆ ಬದಲಾಗುತ್ತಿದೆ. 2021ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ 5,19,562. ಅದರಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಮಂದಿ ಹೊರದೇಶದವರು. ಅವರಲ್ಲಿ ಭಾರತೀಯರ ಸಂಖ್ಯೆಯೂ ಗಣನೀಯವಾಗಿದೆ. 1419-20ರಲ್ಲಿ ಕರಣಿಕನು ತನಗೆ ತಿಳಿದ ಕಾಗುಣಿತದಲ್ಲಿ ಹೆಸರುಗಳನ್ನು ಬರೆದಿಟ್ಟಂತೆ ಇಂದಿನ ಗುಮಾಸ್ತರು ಈ ಹೊಸ ಹೆಸರುಗಳನ್ನು ಬರೆದಿಡುತ್ತಿದ್ದಾರೆ. ಮುಂದಿನ ನಾಮವಿಜ್ಞಾನಿಗೆ ದೊರೆಯುವ ಆಕರಗಳು ಅವೇ.